ಉತ್ತಮ ಮಾತ್ರೆ ತಡವಾಗಿ ಬಂದದ್ದೇಕೆ? ಟೆನೊಫೊವಿರ್ ಮೊಕದ್ದಮೆಗಳ ಹಿನ್ನೆಲೆ

ಔಷಧಿಯಿಂದ ಹಾನಿಯಾಯಿತೆಂದು ಕೋರ್ಟಿನ ಮೆಟ್ಟಿಲೇರುವವರು ಸಾಮಾನ್ಯವಾಗಿ ಆ ಔಷಧಿಯಲ್ಲೇ ದೋಷವಿತ್ತೆಂದೋ, ಅದರ ಅಪಾಯವನ್ನು ತಮಗೆ ತಿಳಿಸಲಿಲ್ಲವೆಂದೋ ವಾದಿಸುತ್ತಾರೆ. ಅಮೆರಿಕದ ಗಿಲಿಯಡ್ ಸೈನ್ಸಸ್ ಕಂಪನಿಯ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 24,000 ಮಂದಿ ಹೂಡಿರುವ ಮೊಕದ್ದಮೆಗಳ ತಿರುಳು ಬೇರೆ. ಮೂತ್ರಪಿಂಡಕ್ಕೂ ಮೂಳೆಗೂ ಕಡಿಮೆ ತೊಂದರೆ ಕೊಡುವ ಇನ್ನೊಂದು ಎಚ್‌ಐವಿ ಔಷಧಿ ಕಂಪನಿಯ ಕೈಯಲ್ಲೇ ಇದ್ದರೂ, ಲಾಭದ ಲೆಕ್ಕಾಚಾರದಿಂದ ಅದನ್ನು ವರ್ಷಗಟ್ಟಲೆ ತಡೆಹಿಡಿಯಲಾಯಿತು ಎಂಬುದು ಅವರ ಆರೋಪ.

ವಿವಾದದ ಕೇಂದ್ರದಲ್ಲಿರುವ ಎಚ್‌ಐವಿ ಔಷಧಿ ಟೆನೊಫೊವಿರ್, ಪ್ರಾಗ್‌ನ ರಸಾಯನ ವಿಜ್ಞಾನಿ ಆಂಟೊನಿನ್ ಹೋಲಿ ಮತ್ತು ಬೆಲ್ಜಿಯಂನ ಎರಿಕ್ ಡಿ ಕ್ಲರ್ಕ್ ಅವರ ಜಂಟಿ ಸಂಶೋಧನೆಯ ಫಲ. ನುಂಗಿದರೆ ಅದು ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುತ್ತಿರಲಿಲ್ಲ. ಆದ್ದರಿಂದ ಗಿಲಿಯಡ್ ಅದಕ್ಕೆ ರಾಸಾಯನಿಕ ಹೊದಿಕೆಯೊಂದನ್ನು ತೊಡಿಸಿ ಟಿಡಿಎಫ್ ಎಂಬ ರೂಪ ಕೊಟ್ಟಿತು. 2001ರಲ್ಲಿ ವಿರಿಯಡ್, 2004ರಲ್ಲಿ ಟ್ರುವಾಡಾ, 2006ರಲ್ಲಿ ದಿನಕ್ಕೊಂದೇ ಮಾತ್ರೆಯ ಅಟ್ರಿಪ್ಲಾ ಎಂಬ ಹೆಸರುಗಳಲ್ಲಿ ಅದು ಮಾರುಕಟ್ಟೆಗೆ ಬಂತು. ಈ ಔಷಧಿ ಉಳಿಸಿದ ಜೀವಗಳನ್ನು ಮರೆತು ಮೊಕದ್ದಮೆಯನ್ನಷ್ಟೇ ನೋಡುವುದು ನ್ಯಾಯವಲ್ಲ. ಭಾರತದಲ್ಲಿ 2004ರಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದಾಗ ಕರ್ನಾಟಕವೂ ಸೇರಿದಂತೆ ಮೊದಲ ಹಂತದ ರಾಜ್ಯಗಳಲ್ಲಿ ಅನೇಕರಿಗೆ ಸಿಕ್ಕಿದ್ದು ಕೆನ್ನೆಯ ಕೊಬ್ಬನ್ನು ಕರಗಿಸುವ, ಕಾಲಿನ ನರಗಳನ್ನು ಕೆಡಿಸುವ ಸ್ಟಾವುಡಿನ್ ಎಂಬ ಹಳೆಯ ಔಷಧಿ. ಅದನ್ನು ತಿಂದು ಬಳಲಿದವರಿಗೆ ಟೆನೊಫೊವಿರ್ ದೊಡ್ಡ ನೆಮ್ಮದಿಯಾಗಿಯೇ ಬಂತು.

ಆದರೆ ಟಿಡಿಎಫ್‌ನ ಹೊದಿಕೆ ರಕ್ತದಲ್ಲೇ ಬೇಗ ಕಳಚಿಕೊಳ್ಳುತ್ತದೆ. ರಕ್ತದಲ್ಲಿ ಹೆಚ್ಚಿದ ಟೆನೊಫೊವಿರ್ ಅನ್ನು ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳ ಕೋಶಗಳು ಒಳಗೆಳೆದುಕೊಳ್ಳುತ್ತವೆ, ಕೆಲವರಲ್ಲಿ ಆ ಕೋಶಗಳೇ ಹಾಳಾಗುತ್ತವೆ. ಆಗ ದೇಹ ಉಳಿಸಿಕೊಳ್ಳಬೇಕಾದ ಫಾಸ್ಫೇಟ್ ಮೂತ್ರದಲ್ಲಿ ಸೋರಿ ಹೋಗಿ ಮೂಳೆಯೂ ಸೊರಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಹೆಚ್ಚಿನವರು ವರ್ಷಾನುಗಟ್ಟಲೆ ತೊಂದರೆಯಿಲ್ಲದೆ ಇದನ್ನು ಸೇವಿಸುತ್ತಾರೆ. ನಮ್ಮ ಎಆರ್‌ಟಿ ಕೇಂದ್ರಗಳು ಇಂದು ಕೊಡುವ, ಮೂರು ಔಷಧಿಗಳು ಸೇರಿದ ಟಿಎಲ್‌ಡಿ ಮಾತ್ರೆಯಲ್ಲಿಯೂ 300 ಮಿಲಿಗ್ರಾಂ ಟಿಡಿಎಫ್ ಇದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲು ಹೇಳುವುದು ಈ ಕಾರಣಕ್ಕೇ.

ಟಿಎಎಫ್ ಎಂಬ ಎರಡನೆಯ ರೂಪದ ಹೊದಿಕೆ ರಕ್ತದಲ್ಲಿ ಬಹುಮಟ್ಟಿಗೆ ಉಳಿದು, ವೈರಸ್ ನೆಲೆಸುವ ಬಿಳಿ ರಕ್ತಕಣಗಳ ಒಳಗೆ ಕಳಚುತ್ತದೆ. ಆದ್ದರಿಂದ 25 ಮಿಲಿಗ್ರಾಂ, ಕೆಲವು ಸಂಯುಕ್ತ ಮಾತ್ರೆಗಳಲ್ಲಿ 10 ಮಿಲಿಗ್ರಾಂ ಸಾಕಾಗುತ್ತದೆ, ರಕ್ತದಲ್ಲಿ ಟೆನೊಫೊವಿರ್ ಪ್ರಮಾಣ ಸುಮಾರು ಶೇ 90ರಷ್ಟು ತಗ್ಗುತ್ತದೆ. ಜಿಎಸ್-7340 ಎಂಬ ಸಂಕೇತದಲ್ಲಿ ಇದರ ಪರೀಕ್ಷೆ ನಡೆಯುತ್ತಿದ್ದಾಗಲೇ, 2004ರಲ್ಲಿ, ಗಿಲಿಯಡ್ ಯೋಜನೆಯನ್ನು ಕೈಬಿಟ್ಟಿತು. ಕೆಲವು ವರ್ಷಗಳ ನಂತರ ಮತ್ತೆ ಎತ್ತಿಕೊಂಡಿತು. ಟಿಎಎಫ್ ಇರುವ ಮೊದಲ ಮಾತ್ರೆ ಜೆನ್‌ವೋಯಾ 2015ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆಯಿತು, ಟಿಡಿಎಫ್‌ನ ಅಮೆರಿಕದ ಪೇಟೆಂಟ್ 2017ರಲ್ಲಿ ಮುಗಿಯಿತು. ಜೆನೆರಿಕ್‌ಗಳು (ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳು ತಯಾರಿಸುವ ಅದೇ ಔಷಧಿಗಳು) ಬರುವ ಹೊತ್ತಿಗೆ ವೈದ್ಯರನ್ನು ಹೊಸ ಪೇಟೆಂಟಿನ ಮಾತ್ರೆಗೆ ಹೊರಳಿಸುವ ತಂತ್ರ ಇದೆಂದು ಫಿರ್ಯಾದುದಾರರು ಹೇಳುತ್ತಾರೆ. ಆಗ ಲಭ್ಯವಿದ್ದ ಫಲಿತಾಂಶಗಳಲ್ಲಿ ಎರಡರ ನಡುವೆ ಸಾಕಷ್ಟು ವ್ಯತ್ಯಾಸ ಕಂಡಿರಲಿಲ್ಲ ಎಂಬುದು ಕಂಪನಿಯ ಉತ್ತರ. ತಾರೀಖುಗಳ ಹೊಂದಾಣಿಕೆಯೊಂದೇ ಉದ್ದೇಶವನ್ನು ಸಾಬೀತುಪಡಿಸದು. ಆದರೆ ಪೇಟೆಂಟ್ ಅವಧಿಯ ಲೆಕ್ಕಾಚಾರ ಕಂಪನಿಯ ಆಂತರಿಕ ಟಿಪ್ಪಣಿಗಳಲ್ಲೇ ಇತ್ತೆಂದು 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿದ ಮೇಲೆ ಕಂಪನಿಯ ಉತ್ತರವನ್ನು ಸುಲಭವಾಗಿ ಒಪ್ಪುವುದು ಕಷ್ಟ. ಟಿಎಎಫ್ ಕೂಡ ನಿರ್ದೋಷಿಯಲ್ಲ. ತೂಕ ಮತ್ತು ಕೊಲೆಸ್ಟರಾಲ್ ಏರಿಕೆ ಅದರಲ್ಲೇ ಹೆಚ್ಚು.

2018ರಲ್ಲಿ ಎಚ್‌ಐವಿ ರೋಗಿಗಳಿಗಾಗಿ ಕೆಲಸ ಮಾಡುವ ಸಂಸ್ಥೆಯಾದ ಏಡ್ಸ್ ಹೆಲ್ತ್‌ಕೇರ್ ಫೌಂಡೇಷನ್ನಿನ ಬೆಂಬಲದೊಂದಿಗೆ ಮೊಕದ್ದಮೆಗಳ ಸಾಲು ಶುರುವಾಯಿತು. ಅದರ ಬೆನ್ನಲ್ಲೇ ಇನ್ನೊಂದು ಅನಾಹುತವೂ ಬಂತು. ಕಕ್ಷಿದಾರರನ್ನು ಹುಡುಕುತ್ತಿದ್ದ ವಕೀಲರು ಟ್ರುವಾಡಾದ ಹಾನಿಯನ್ನು ಬಣ್ಣಿಸಿ ಫೇಸ್‌ಬುಕ್‌ನಲ್ಲಿ ಜಾಹೀರಾತು ಕೊಟ್ಟರು. ಸೋಂಕು ತಗಲದಂತೆ ಮುಂಜಾಗ್ರತೆಗಾಗಿ ಅದೇ ಮಾತ್ರೆ ನುಂಗುತ್ತಿದ್ದವರು ಅದನ್ನು ನೋಡಿ ಹೆದರುತ್ತಿದ್ದಾರೆಂದು 2019ರ ಡಿಸೆಂಬರ್‌ನಲ್ಲಿ 50ಕ್ಕೂ ಹೆಚ್ಚು ಸಂಘಟನೆಗಳು ಬಹಿರಂಗ ಪತ್ರ ಬರೆದವು, ಫೇಸ್‌ಬುಕ್ ಕೆಲವು ಜಾಹೀರಾತುಗಳನ್ನು ತೆಗೆಯಿತು. ನ್ಯಾಯ ಕೊಡಿಸುತ್ತೇವೆಂದು ಹೊರಟವರೇ ರೋಗಿಗಳ ಕೈಯಿಂದ ಮಾತ್ರೆ ಬಿಡಿಸುವಂತಾದದ್ದು ಈ ಕಥೆಯ ಅತ್ಯಂತ ಕಹಿ ಭಾಗ.

ಕಾನೂನಿನ ಮಟ್ಟಿಗೆ ಮಹತ್ವದ ತೀರ್ಪು 2024ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಮೇಲ್ಮನವಿ ನ್ಯಾಯಾಲಯದಿಂದ ಬಂತು. ಫಿರ್ಯಾದುದಾರರು ಟಿಡಿಎಫ್ ದೋಷಯುಕ್ತವೆಂದು ಸಾಬೀತುಪಡಿಸಲು ಹೊರಟೇ ಇರಲಿಲ್ಲ. ಹಾಗಿದ್ದರೂ, ಅಷ್ಟೇ ಪರಿಣಾಮಕಾರಿಯಾದ, ಹೆಚ್ಚು ಸುರಕ್ಷಿತವಾದ ಪರ್ಯಾಯ ತನ್ನಲ್ಲಿದೆಯೆಂದು ತಯಾರಕನಿಗೆ ತಿಳಿದಿದ್ದಾಗ, ಅದನ್ನು ಮಾರುಕಟ್ಟೆಗೆ ತರುವ ನಿರ್ಧಾರದಲ್ಲಿಯೂ ಅವನು ಯುಕ್ತ ಎಚ್ಚರ ವಹಿಸಬೇಕೆಂದು ಪೀಠ ಹೇಳಿ, ನಿರ್ಲಕ್ಷ್ಯದ ಆರೋಪವನ್ನು ಉಳಿಸಿತು. ಮಾಹಿತಿ ಮುಚ್ಚಿಟ್ಟರೆಂಬ ವಂಚನೆಯ ಆರೋಪವನ್ನು ಮಾತ್ರ ತಳ್ಳಿಹಾಕಿತು. ಇಂಥ ಹೊಣೆ ಹೊರಿಸಿದರೆ ಯಾವ ಕಂಪನಿಯೂ ಎರಡನೆಯ ಔಷಧಿಯ ಸಂಶೋಧನೆಗೆ ಕೈಹಾಕದು ಎಂಬ ಆಕ್ಷೇಪ ಎದ್ದಿತು, ಅದು ಪೂರ್ತಿ ಹುರುಳಿಲ್ಲದ್ದೇನಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಪ್ರಕರಣವನ್ನು ಮರುಪರಿಶೀಲನೆಗೆ ತೆಗೆದುಕೊಂಡಿತು. ಫೆಡರಲ್ ಕೋರ್ಟಿನಲ್ಲಿದ್ದ 2,625 ಫಿರ್ಯಾದುದಾರರೊಂದಿಗೆ ಗಿಲಿಯಡ್ ಗರಿಷ್ಠ 4 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಸಮನಾಗಿ ಹಂಚಿದರೆ ತಲೆಗೆ ಸುಮಾರು 15,000 ಡಾಲರ್. ರಾಜ್ಯದ ಕೋರ್ಟುಗಳಲ್ಲಿದ್ದ 24,000 ಮಂದಿ ಆ ರಾಜಿಯ ಹೊರಗಿದ್ದರು.