ಎಣಿಸಿದಷ್ಟೂ ಬದಲಾದ ಗೆಲುವು

ಮದುವೆಮನೆಯಲ್ಲಿ ಮುಯ್ಯಿ ಎಣಿಸಲು ಕೂತವರಿಗೆ ಗೊತ್ತು, ಮೊದಲ ಸಲ ಬಂದ ಲೆಕ್ಕ ಎರಡನೇ ಸಲ ಬರುವುದಿಲ್ಲ. ನೋಟಿಗೆ ನೋಟು ಅಂಟಿಕೊಂಡಿರುತ್ತದೆ, ಒಂದು ಕವರ್ ಯಾರದೋ ಜೇಬಿನಲ್ಲೇ ಉಳಿದಿರುತ್ತದೆ. 2004ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯ ಗವರ್ನರ್ ಚುನಾವಣೆಯ 28 ಲಕ್ಷ ಮತಪತ್ರ ಎಣಿಸಲು ಹೋಗಿ ಇದೇ ಫಜೀತಿಗೆ ಸಿಕ್ಕಿತು. ಇದು ಸಿಯಾಟಲ್ ಇರುವ ರಾಜ್ಯ, ದೇಶದ ರಾಜಧಾನಿಯಲ್ಲ. ಅಲ್ಲಿನ ಗವರ್ನರ್ ಕೂಡ ನಮ್ಮ ರಾಜ್ಯಪಾಲರಂತೆ ನೇಮಕವಾಗಿ ಬರುವವರಲ್ಲ. ಜನರೇ ಆರಿಸುತ್ತಾರೆ, ಅಧಿಕಾರ ನಮ್ಮ ಮುಖ್ಯಮಂತ್ರಿಯದ್ದರ ಹಾಗೆ.

ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಪಕ್ಷದ ಡೀನೋ ರಾಸಿ 261 ಮತಗಳಿಂದ ಮುಂದಿದ್ದರು. ಯಂತ್ರಕ್ಕೆ ಮತ್ತೆ ಹಾಕಿದಾಗ ಅಂತರ 42ಕ್ಕೆ ಇಳಿಯಿತು. ಡೆಮಾಕ್ರಟಿಕ್ ಪಕ್ಷ ಠೇವಣಿ ಕಟ್ಟಿ ಕೈಯಿಂದಲೇ ಎಣಿಸಿ ಎಂದು ಕೇಳಿತು. ಡಿಸೆಂಬರ್ ಕೊನೆಗೆ ಅದೇ ಪಕ್ಷದ ಕ್ರಿಸ್ಟೀನ್ ಗ್ರೆಗ್ವಾರ್ 129 ಮತಗಳಿಂದ ಗೆದ್ದರು.

129 ಎಷ್ಟು ಸಣ್ಣದು? ಇಬ್ಬರಿಗೂ ಸೇರಿ ಬಿದ್ದದ್ದು ಸುಮಾರು 27,46,000 ಮತ. ಅಷ್ಟು ಸಲ ನಾಣ್ಯ ಚಿಮ್ಮಿದರೆ ತಲೆ ಮತ್ತು ಬಾಲದ ನಡುವೆ ಸಾವಿರ, ಒಂದೂವರೆ ಸಾವಿರ ವ್ಯತ್ಯಾಸ ಬರುವುದು ಮಾಮೂಲು. ಇಡೀ ಆಟವನ್ನು 100 ಸಲ ಆಡಿದರೆ ಸುಮಾರು 94 ಸಲ ವ್ಯತ್ಯಾಸ 129ನ್ನು ದಾಟುತ್ತದೆ. ಜನ ನಾಣ್ಯ ಚಿಮ್ಮಿ ಮತ ಹಾಕುವುದಿಲ್ಲ ನಿಜ, ಆದರೆ ಅಳೆಯಬೇಕಾದ ವಸ್ತು ಅಳತೆಗೋಲಿನ ಗೆರೆಗಿಂತ ತೆಳುವಾಗಿತ್ತು.

ಯಂತ್ರಕ್ಕೆ ಗೊತ್ತಿರುವುದು ಮಸಿ ತುಂಬಿದ ಅಂಡಾಕಾರ ಮಾತ್ರ. ಅಲ್ಲಿ ರೈಟ್ ಮಾರ್ಕ್ ಹಾಕಿದವರು, ಹೆಸರಿಗೆ ಸುತ್ತು ಹಾಕಿದವರು, ತಪ್ಪಿ ತುಂಬಿ ಕಾಟು ಹೊಡೆದವರು ಅದಕ್ಕೆ ಕಾಣದೇ ಹೋಗಬಹುದು. ಮನುಷ್ಯ ಕಾಗದವನ್ನು ಬೆಳಕಿಗೆ ಹಿಡಿದು 'ಇವರ ಮನಸ್ಸು ಇಂಥವರಿಗೆ' ಎಂದು ಹೇಳಬಲ್ಲ. ಆದರೆ ಮನುಷ್ಯನಿಗೆ ಆಯಾಸವೂ ಆಗುತ್ತದೆ, ಪಕ್ಷವೂ ಇರುತ್ತದೆ.

ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಇನ್ನೊಂದು ಎಡವಟ್ಟು. ಅಂಚೆ ಮತದ ಲಕೋಟೆಯ ಮೇಲಿನ ಸಹಿಗೆ ಹೋಲಿಸಲು ಕಂಪ್ಯೂಟರಿನಲ್ಲಿ ಸಹಿ ಸಿಗಲಿಲ್ಲವೆಂದು ನೂರಾರು ಮತ ಪಕ್ಕಕ್ಕಿಟ್ಟಿದ್ದರು. ಹಾಗೆ ತಿರಸ್ಕೃತರಾದವರಲ್ಲಿ ಆ ಕೌಂಟಿಯ ಮಂಡಳಿ ಸದಸ್ಯ ಲ್ಯಾರಿ ಫಿಲಿಪ್ಸ್ ಕೂಡ ಇದ್ದರು! ಅವರ ಹೆಸರು ಪಟ್ಟಿಯಲ್ಲಿ ಕಂಡ ಮೇಲೆಯೇ ಹುಡುಕಾಟ ಶುರುವಾದದ್ದು. ಆ ಮತಗಳನ್ನು ಎಣಿಸಬಹುದೆಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು, ಈ ಗೆಲುವನ್ನು ರದ್ದುಮಾಡಿ ಎಂದು ರಾಸಿ ಕಡೆಯವರು ಆಮೇಲೆ ಹೂಡಿದ ಮೊಕದ್ದಮೆ. ಮತದಾನದ ಹಕ್ಕು ಕಳೆದುಕೊಂಡ ಅಪರಾಧಿಗಳೂ ಸೇರಿ ಸಾವಿರಕ್ಕೂ ಹೆಚ್ಚು ಮಂದಿ ಅಕ್ರಮವಾಗಿ ಮತ ಹಾಕಿದ್ದರು. ಯಾರಿಗೆ ಹಾಕಿದರು? ಗುಪ್ತ ಮತದಾನ, ಲಕೋಟೆ ಒಡೆದು ಮತಪತ್ರ ರಾಶಿಗೆ ಸೇರಿತೆಂದರೆ ಹಾಲಿಗೆ ಬಿದ್ದ ನೀರು. ರಾಸಿ ಕಡೆಯವರು ಒಂದು ಸೂತ್ರ ತಂದರು: ಒಂದು ಬೂತಿನಲ್ಲಿ ಗ್ರೆಗ್ವಾರ್‌ಗೆ ಶೇ. 60 ಬಿದ್ದಿದ್ದರೆ, ಅಲ್ಲಿನ 10 ಅಕ್ರಮ ಮತಗಳಲ್ಲಿ 6 ಅವರ ಲೆಕ್ಕದಿಂದ ಕಳೆಯಿರಿ. ಕೇಳಲು ನ್ಯಾಯವೇ. ಆದರೆ ಗುಂಪಿನ ಸರಾಸರಿಯನ್ನು ಒಬ್ಬೊಬ್ಬನ ತಲೆಗೆ ಕಟ್ಟುವುದು ಸಂಖ್ಯಾಶಾಸ್ತ್ರದ ಹಳೇ ಬಲೆ. ಕೇರಿಯಲ್ಲಿ ಮುಕ್ಕಾಲು ಮಂದಿ ಕಾಫಿ ಕುಡಿಯುತ್ತಾರೆಂದು ಮೂಲೆಮನೆಯ ಅಜ್ಜನೂ ಮುಕ್ಕಾಲು ಲೋಟ ಕಾಫಿ ಕುಡಿಯುತ್ತಾನೆಯೇ? ಶಿಕ್ಷೆಯಾದವರಲ್ಲಿ ಗಂಡಸರೇ ಹೆಚ್ಚು. ಅವರ ಒಲವು ಇಡೀ ಬೂತಿನ ಒಲವಿನಂತೆಯೇ ಇರಬೇಕೆಂದಿಲ್ಲ.

ನ್ಯಾಯಾಧೀಶ ಜಾನ್ ಬ್ರಿಜಸ್ ಸೂತ್ರವನ್ನು ಒಪ್ಪಲಿಲ್ಲ. 2005ರ ಜೂನ್‌ನಲ್ಲಿ ಅವರು ಕಳೆದದ್ದು, ಇಂಥವರಿಗೇ ಹಾಕಿದೆವೆಂದು ಸಾಕ್ಷ್ಯ ಸಿಕ್ಕ ಐದೇ ಮತ. ಅದರಲ್ಲಿ ಒಂದು ಮೂರನೇ ಅಭ್ಯರ್ಥಿಯದ್ದು, ಉಳಿದ ನಾಲ್ಕೂ ದಾವೆ ಹೂಡಿದ ರಾಸಿಯವರದ್ದೇ! ಅಂತರ 133ಕ್ಕೆ ಏರಿತು.

2008ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಗ್ರೆಗ್ವಾರ್ ಗೆದ್ದ ಅಂತರ 1.9 ಲಕ್ಷಕ್ಕೂ ಹೆಚ್ಚು.