ಹಾಜರಿ ಪುಸ್ತಕ ತುಂಬಿದರೂ ಸೈಟಿನ ಕೆಲಸ ಏಕೆ ಸಾಗುವುದಿಲ್ಲ?

ಓದುಗರ ಪ್ರಶ್ನೆ: ಪುಣೆಯ ಹಿಂಜವಡಿ ಭಾಗದಲ್ಲಿ ಬ್ಲಾಕ್ ಕಟ್ಟುವ ಮತ್ತು ಪ್ಲಾಸ್ಟರ್ ಕೆಲಸದ ಉಪಗುತ್ತಿಗೆ ಮಾಡುತ್ತೇನೆ. ನಮ್ಮಲ್ಲಿ ದುಡಿಯುವವರು ಹೆಚ್ಚಾಗಿ ಯಾದಗಿರಿ, ಕಲಬುರಗಿ ಕಡೆಯವರು. ಹಾಜರಿ ಬರೆಯುತ್ತೇವೆ, ಮಾಲಿನ ಲೆಕ್ಕ ಇಡುತ್ತೇವೆ, ದಿನವೂ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುತ್ತೇವೆ. ಡೇಟಾ ಸರಿಯಾಗಿ ಬಳಸಿದರೆ ಉತ್ಪಾದಕತೆ ಹೆಚ್ಚುತ್ತದೆ ಎಂದು ಬಿಲ್ಡರ್ ಕಚೇರಿಯವರು ಹೇಳುತ್ತಲೇ ಇರುತ್ತಾರೆ. ಇಷ್ಟೆಲ್ಲ ಬರೆದರೂ ಕೆಲಸ ಮೊದಲಿನಷ್ಟೇ ನಿಧಾನ. ಇದಕ್ಕಾಗಿ ಸಾಫ್ಟ್‌ವೇರ್ ಕೊಳ್ಳಬೇಕೆ?

ಉತ್ತರ: ಸಾಫ್ಟ್‌ವೇರಿನ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ. ನೀವು ಈಗ ಬರೆದಿಡುತ್ತಿರುವುದು ಏನನ್ನು, ಯಾವ ಉಪಯೋಗಕ್ಕೆ ಎಂಬುದನ್ನು ಮೊದಲು ನೋಡಬೇಕು. ಹಾಜರಿ ಪುಸ್ತಕ ಇರುವುದು ವಾರದ ಬಟವಾಡೆಗೆ. ಚಲನ್‌ಗಳ ಫೈಲು ಇರುವುದು ಮಾಲು ಕೊಟ್ಟವರ ಬಿಲ್ಲನ್ನು ತಾಳೆ ನೋಡುವುದಕ್ಕೆ. ಫೋಟೊಗಳಿರುವುದು ನಾಳೆ ತಕರಾರು ಎದ್ದರೆ ತೋರಿಸುವುದಕ್ಕೆ. ಬಿಲ್ಡರ್ ಕಚೇರಿಯ ದಾಖಲೆಗಳೂ ಇದಕ್ಕಿಂತ ಬಹಳ ಬೇರೆಯಲ್ಲ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ ಪ್ರಕಾರ ಅವರು ಯೋಜನೆಯ ಪ್ರಗತಿಯನ್ನು ಮೂರು ತಿಂಗಳಿಗೊಮ್ಮೆ ಮಹಾರಾಷ್ಟ್ರದ ರೇರಾ ಪ್ರಾಧಿಕಾರವಾದ ಮಹಾರೇರಾಕ್ಕೆ ತಿಳಿಸಬೇಕು. ಮನೆ ಕೊಳ್ಳುವವರು ಕೊಟ್ಟ ಹಣದ ಶೇ. 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಮುಗಿದ ಕೆಲಸದ ಪ್ರಮಾಣಕ್ಕೆ ತಕ್ಕಂತೆ, ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಮೂವರ ಪ್ರಮಾಣಪತ್ರದ ಮೇಲೆ ಮಾತ್ರ ತೆಗೆಯಬೇಕು. ಇವೆಲ್ಲ ಬೇಕಾದ ದಾಖಲೆಗಳೇ. ಆದರೆ ಇವು ಆಗಿಹೋದದ್ದಕ್ಕೆ ಸಾಕ್ಷಿ ಹೇಳುತ್ತವೆ. ನಿನ್ನೆ ಎಷ್ಟು ಜನ ಎಷ್ಟು ಗಂಟೆ ದುಡಿದು ಎಷ್ಟು ಕೆಲಸ ಮುಗಿಸಿದರು, ಮುಗಿಯಬೇಕಿದ್ದದ್ದು ಯಾವ ಕಾರಣಕ್ಕೆ ನಿಂತಿತು ಎಂಬ ಪ್ರಶ್ನೆಗೆ, ಬೆಳಿಗ್ಗೆ ಕೆಲಸ ಹಂಚುವ ಹೊತ್ತಿಗೆ, ಇವುಗಳಲ್ಲಿ ಒಂದರಿಂದಲೂ ಉತ್ತರ ಸಿಗುವುದಿಲ್ಲ.

ಇದು ನಿಮ್ಮೊಬ್ಬರ ಕಷ್ಟವಲ್ಲ. ಮೆಕಿನ್ಸಿ ಗ್ಲೋಬಲ್ ಇನ್‌ಸ್ಟಿಟ್ಯೂಟ್ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದಕ್ಕೆ ಹಿಂದಿನ ಎರಡು ದಶಕಗಳಲ್ಲಿ ಜಗತ್ತಿನ ನಿರ್ಮಾಣ ಕ್ಷೇತ್ರದ ಕಾರ್ಮಿಕ ಉತ್ಪಾದಕತೆ ವರ್ಷಕ್ಕೆ ಸರಾಸರಿ ಶೇ. 1ರಷ್ಟು ಮಾತ್ರ ಏರಿತ್ತು. ಒಟ್ಟಾರೆ ಅರ್ಥವ್ಯವಸ್ಥೆಯಲ್ಲಿ ಅದು ಶೇ. 2.8, ಕಾರ್ಖಾನೆಗಳಲ್ಲಿ ಶೇ. 3.6 ಇತ್ತು. ಇದಕ್ಕೆ ಕಾರಣಗಳು ಹಲವು. ನನಗೆ ಮುಖ್ಯವಾಗಿ ಕಾಣುವುದು ಒಂದು: ಪುಣೆ ಬಳಿಯ ಚಾಕಣದ ವಾಹನ ಕಾರ್ಖಾನೆಯಲ್ಲಿ ಕೆಲಸಗಾರ ನಿಂತಲ್ಲಿಗೆ ಕೆಲಸ ಬರುತ್ತದೆ, ಹಿಂಜವಡಿಯ ಸೈಟಿನಲ್ಲಿ ಕೆಲಸ ಇದ್ದಲ್ಲಿಗೆ ಕೆಲಸಗಾರ ಹೋಗಬೇಕು, ಅದೂ ಇನ್ನೊಂದು ತಂಡ ಆ ಜಾಗವನ್ನು ಬಿಟ್ಟುಕೊಟ್ಟ ಮೇಲೆ. ಹಾಗಾಗಿ ಇಲ್ಲಿ ಸಮಯ ಸೋರುವುದು ಗೌಂಡಿಯ ಕೈಯಿಂದಲ್ಲ, ಒಂದು ತಂಡ ಮುಗಿಸಿ ಇನ್ನೊಂದು ತಂಡ ಆರಂಭಿಸುವ ನಡುವೆ.

ನಿಮ್ಮದೇ ಕೆಲಸದಿಂದ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇಬ್ಬರು ಗೌಂಡಿಗಳು, ಮೂವರು ಕೈಯಾಳುಗಳು, ದಿನಕ್ಕೆ ಎಂಟು ಗಂಟೆ. ಒಟ್ಟು 40 ಆಳು-ಗಂಟೆ. ಐದನೇ ಮಹಡಿಯಲ್ಲಿ ಈ ತಂಡ ದಿನಕ್ಕೆ 4 ಘನ ಮೀಟರ್ ಎಎಸಿ (ಹಗುರ ಕಾಂಕ್ರೀಟ್) ಬ್ಲಾಕ್ ಗೋಡೆ ಕಟ್ಟಿತು ಎಂದುಕೊಳ್ಳಿ; ಘನ ಮೀಟರಿಗೆ 10 ಆಳು-ಗಂಟೆ ಬಿತ್ತು. ಅದೇ ತಂಡ ಒಂಬತ್ತನೇ ಮಹಡಿಯಲ್ಲಿ ಎರಡೂವರೆ ಘನ ಮೀಟರ್ ಕಟ್ಟಿತು. ಘನ ಮೀಟರಿಗೆ 16 ಆಳು-ಗಂಟೆ ಆಯಿತು. ಹಾಜರಿ ಪುಸ್ತಕದಲ್ಲಿ ಎರಡೂ ದಿನ ಐದು ಹಾಜರಿ ಅಷ್ಟೇ. ಮಿಸ್ತ್ರಿಯನ್ನು ಕೇಳಿದರೆ ಹುಡುಗರು ಮೈಗಳ್ಳರಾಗಿದ್ದಾರೆ ಎನ್ನಬಹುದು. ಆದರೆ ಬ್ಲಾಕು ಮೇಲೇರಿದ ಹೊತ್ತನ್ನೂ ಪಕ್ಕದಲ್ಲೇ ಗುರುತು ಹಾಕಿಟ್ಟಿದ್ದರೆ ಬೇರೆಯೇ ಸಂಗತಿ ತಿಳಿಯುತ್ತಿತ್ತು: ಬೆಳಿಗ್ಗೆ ಲಿಫ್ಟನ್ನು ಟೈಲ್ಸ್‌ನವರು ಹಿಡಿದುಕೊಂಡಿದ್ದರು, ಮೊದಲ ಬ್ಲಾಕು ಒಂಬತ್ತನೇ ಮಹಡಿ ಮುಟ್ಟಿದಾಗ ಹನ್ನೊಂದು ಗಂಟೆ. ಇದಕ್ಕೆ ಪರಿಹಾರ ಇನ್ನೊಬ್ಬ ಗೌಂಡಿಯನ್ನು ಕರೆತರುವುದಲ್ಲ. ಮರುದಿನದ ಬ್ಲಾಕುಗಳನ್ನು ಹಿಂದಿನ ಸಂಜೆಯೇ ಮೇಲಕ್ಕೆ ಸಾಗಿಸುವುದು, ಇಲ್ಲವೇ ಲಿಫ್ಟಿನ ಸಮಯವನ್ನು ತಂಡಗಳ ನಡುವೆ ಹಂಚಿ ಬರೆದಿಡುವುದು.

ಆದ್ದರಿಂದ ದಿನಕ್ಕೆ ಒಂದು ತಂಡಕ್ಕೆ ಒಂದೇ ಸಾಲು ಸಾಕು: ಯಾವ ಮಹಡಿ, ಯಾವ ಫ್ಲಾಟು, ಎಷ್ಟು ಜನ, ಎಷ್ಟು ಗಂಟೆ, ಮುಗಿದ ಅಳತೆ, ನಿಂತಿದ್ದರೆ ಕಾರಣ. ಅಳತೆಯ ಜೊತೆಗೆ ಮಾನ ಬರೆಯುವುದನ್ನು ಮರೆಯಬಾರದು. ಈ ಭಾಗದಲ್ಲಿ ಮರಳು, ಖಡಿಗೆ ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಪ್ಲಾಸ್ಟರಿಗೆ ಒಂದು ಬ್ರಾಸ್ ಎಂದರೆ 100 ಚದರ ಅಡಿ, ಅಂದರೆ 9.29 ಚದರ ಮೀಟರ್. ಎಂಜಿನಿಯರರ ಅಳತೆ ಪುಸ್ತಕದಲ್ಲಿರುವುದು ಮೀಟರ್ ಲೆಕ್ಕ. ಕಿಟಕಿ ಬಾಗಿಲು ಕಳೆದು ಅಳೆದ ದಿನವನ್ನೂ ಕಳೆಯದೆ ಅಳೆದ ದಿನವನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದರೆ ಬರುವ ಸರಾಸರಿಯನ್ನು ನಂಬುವ ಹಾಗಿಲ್ಲ. ಕಟ್ಟಡ ಕೆಲಸಕ್ಕೆ ತಗಲುವ ಆಳುಗಳ ಲೆಕ್ಕಕ್ಕೆಂದು ಐಎಸ್ 7272 ಎಂಬ ಭಾರತೀಯ ಮಾನಕ 1974ರಿಂದಲೇ ಇದೆ, ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯೂ ಇದೆ. ದರ ಕೂಡಿಸುವಾಗ ಇವು ನೆರವಾಗುತ್ತವೆ. ನಿಮ್ಮ ತಂಡವನ್ನು ಹೋಲಿಸಬೇಕಾದದ್ದು ಮಾತ್ರ ನಿಮ್ಮದೇ ತಂಡದ ಹಿಂದಿನ ಮಹಡಿಯ ಅಂಕಿಯೊಂದಿಗೆ.

ಕಾರಣದ ಕಲಮಿನ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಇಡೀ ಸಾಲಿನಲ್ಲಿ ಬೆಲೆಯುಳ್ಳದ್ದು ಅದೊಂದೇ. ಅಮೆರಿಕದ ಗ್ಲೆನ್ ಬ್ಯಾಲಾರ್ಡ್ ಮತ್ತು ಗ್ರೆಗ್ ಹೋವೆಲ್ 1990ರ ದಶಕದಲ್ಲಿ ರೂಪಿಸಿದ ‘ಲಾಸ್ಟ್ ಪ್ಲಾನರ್’ ಪದ್ಧತಿಯ ತಿರುಳೂ ಇದೇ. ವಾರದ ಆರಂಭದಲ್ಲಿ ಕೆಲಸ ಮಾಡಿಸುವ ಮಿಸ್ತ್ರಿ, ಮುಕಾದಮರೇ (ಕೂಲಿ ತಂಡದ ಮುಖಂಡರೇ) ಇಂತಿಂಥದ್ದನ್ನು ಮುಗಿಸುತ್ತೇವೆ ಎಂದು ಮಾತು ಕೊಡಬೇಕು. ವಾರದ ಕೊನೆಗೆ ಅದರಲ್ಲಿ ನೂರಕ್ಕೆ ಎಷ್ಟು ಮುಗಿಯಿತು ಎಂದು ಎಣಿಸಬೇಕು. ಮುಗಿಯದ ಪ್ರತಿಯೊಂದಕ್ಕೂ ಒಂದು ಕಾರಣ ಬರೆಯಬೇಕು. ಅವರು ಅಳೆದ ಸೈಟುಗಳಲ್ಲಿ ಕೊಟ್ಟ ಮಾತಿನಲ್ಲಿ ಸರಿಸುಮಾರು ಅರ್ಧದಷ್ಟೇ ಆ ವಾರದಲ್ಲಿ ಮುಗಿಯುತ್ತಿತ್ತು ಎಂಬುದು ಕಂಡುಬಂದಿತ್ತು. ನಿಮ್ಮ ಕೆಲಸಕ್ಕೆ ಆರೇಳು ಕಾರಣಗಳ ಪಟ್ಟಿ ಸಾಕು: ಫ್ರಂಟ್ (ಕೆಲಸ ಆರಂಭಿಸಲು ತೆರವಾದ ಜಾಗ) ಸಿಗಲಿಲ್ಲ, ಮಾಲು ಬರಲಿಲ್ಲ, ಲಿಫ್ಟ್ ಸಿಗಲಿಲ್ಲ, ಡ್ರಾಯಿಂಗ್ ಬದಲಾಯಿತು, ಜನ ಕಡಿಮೆ, ಒಡೆದು ಮತ್ತೆ ಕಟ್ಟಿದ್ದು, ಮಳೆ. ‘ಇತರೆ’ ಎಂಬ ಕಲಮನ್ನು ಇಡಬೇಡಿ. ಇಟ್ಟರೆ ಎಲ್ಲವೂ ಅದರಲ್ಲೇ ಹೋಗಿ ಬೀಳುತ್ತದೆ.

ಈ ಪಟ್ಟಿಯಲ್ಲಿ ‘ಫ್ರಂಟ್ ಸಿಗಲಿಲ್ಲ’ ಎಂಬುದೇ ಮೇಲೆ ನಿಂತರೆ ನನಗೆ ಆಶ್ಚರ್ಯವಾಗದು. ಸ್ಲ್ಯಾಬಿನ ಕೆಳಗಿನ ಆಧಾರಗಳು ತೆರವಾಗದೆ ನಿಮಗೆ ಆ ಮಹಡಿ ಸಿಗುವುದಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ 4.5 ಮೀಟರ್‌ವರೆಗಿನ ಹರವಿನ ಸ್ಲ್ಯಾಬಿಗೆ ಈ ಆಧಾರಗಳನ್ನು 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಉಳಿಸಬೇಕು. ಆದರೆ ಈ ದಿನಗಳ ಲೆಕ್ಕ ಅನ್ವಯಿಸುವುದು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಕ್ಯೂರಿಂಗ್ ಸರಿಯಾಗಿದ್ದಾಗ ಮತ್ತು ಹವೆಯ ತಾಪಮಾನ 15 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ. ಮುಂಬೈಯಲ್ಲಿ ಈ ಷರತ್ತನ್ನು ಹೆಚ್ಚಾಗಿ ಯಾರೂ ನೆನೆಯಬೇಕಾಗಿ ಬರುವುದಿಲ್ಲ. ಪುಣೆಯ ಡಿಸೆಂಬರ್, ಜನವರಿ ರಾತ್ರಿಗಳು ಅದನ್ನು ಸಲೀಸಾಗಿ ಮುರಿಯುತ್ತವೆ. ಅದೇ ಮಾನಕದಲ್ಲಿ ಇನ್ನೊಂದು ಮಾತೂ ಇದೆ: ಫಾರ್ಮ್‌ವರ್ಕ್ (ಕಾಂಕ್ರೀಟ್ ಸುರಿಯುವ ಅಚ್ಚು) ತೆಗೆಯುವಾಗ ಕಾಂಕ್ರೀಟಿನ ಮೇಲೆ ಬೀಳುವ ಒತ್ತಡದ ಕನಿಷ್ಠ ಎರಡರಷ್ಟು ಬಲ ಅದಕ್ಕೆ ಬಂದಿರಬೇಕು. ಸ್ಲ್ಯಾಬಿನೊಳಗೆ ತಾಪಮಾನದ ಸಂವೇದಕ ಹುದುಗಿಸಿ, ಆ ಅಂಕಿಗಳಿಂದ ಗಟ್ಟಿಯಾದ ಪ್ರಮಾಣವನ್ನು ಲೆಕ್ಕ ಹಾಕಿ, ಕಾಂಕ್ರೀಟಿನ ಘನಗಳನ್ನು ಒತ್ತಿ ಒಡೆದು ನೋಡುವ ಕ್ಯೂಬ್ ಪರೀಕ್ಷೆಯೊಂದಿಗೆ ತಾಳೆ ನೋಡುವ ಕ್ರಮ ದೊಡ್ಡ ಕೆಲಸಗಳಲ್ಲಿ ಬಳಕೆಗೆ ಬಂದಿರುವುದು ಈ ಕಾರಣಕ್ಕೇ. ತೆರವು ಯಾವಾಗ ಎಂಬ ನಿರ್ಧಾರ ಸ್ಟ್ರಕ್ಚರಲ್ ಎಂಜಿನಿಯರರದ್ದು, ಅದರಲ್ಲಿ ನೀವು ಅವಸರ ಮಾಡುವ ಹಾಗಿಲ್ಲ. ಆದರೆ ಕಾಂಕ್ರೀಟ್ ಹಾಕಿದ ತಾರೀಖು, ತೆರವಿನ ತಾರೀಖು ಮತ್ತು ಮಹಡಿ ನಿಮ್ಮ ಕೈಗೆ ಬಂದ ತಾರೀಖು, ಈ ಮೂರನ್ನೂ ನೀವು ಬರೆದಿಟ್ಟಿದ್ದರೆ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕಸ ಎತ್ತದೆ, ಕನ್ಸೀಲ್ಡ್ ಪೈಪಿನವರು ಬಾರದೆ ಕಳೆದುಹೋಗುವ ದಿನಗಳನ್ನು ಸಭೆಯಲ್ಲಿ ಅಂಕಿಯಾಗಿ ಮುಂದಿಡಬಹುದು. ಬಾಯಿಮಾತಿನ ದೂರಿಗೆ ಸಿಗದ ಗಮನ ಅದಕ್ಕೆ ಸಿಗುತ್ತದೆ.

ಬಿಲ್ಡರ್ ಕಚೇರಿಯವರು ನಿಜವಾಗಿ ಡೇಟಾ ಬಳಸಬೇಕೆಂದಿದ್ದರೆ ಅವರು ತೆರೆದು ನೋಡಬೇಕಾದದ್ದು ರೆಡಿಮಿಕ್ಸ್ (ಪ್ಲಾಂಟಿನಲ್ಲೇ ಕಲಸಿ ಲಾರಿಯಲ್ಲಿ ತರುವ ಕಾಂಕ್ರೀಟ್) ಚಲನ್‌ಗಳ ಫೈಲು. ಪ್ಲಾಂಟಿನಲ್ಲಿ ಕಾಂಕ್ರೀಟ್ ತುಂಬಿದ ಹೊತ್ತು ಚಲನ್ನಿನ ಮೇಲೆ ಅಚ್ಚಾಗಿಯೇ ಬರುತ್ತದೆ. ಗೇಟಿನಲ್ಲಿ ಕಾವಲುಗಾರ ಲಾರಿ ಒಳಬಂದ ಹೊತ್ತನ್ನು, ಮೇಲ್ವಿಚಾರಕ ಸುರಿಯಲು ಆರಂಭಿಸಿದ ಮತ್ತು ಮುಗಿಸಿದ ಹೊತ್ತುಗಳನ್ನು ಅದೇ ಕಾಗದದ ಹಿಂಬದಿಗೆ ಬರೆದರೆ ಸಾಕು, ಹೊಸ ಫಾರ್ಮು ಬೇಕಿಲ್ಲ. ರೆಡಿಮಿಕ್ಸ್ ಕಾಂಕ್ರೀಟಿನ ಮಾನಕ ಐಎಸ್ 4926ರ ಪ್ರಕಾರ ಸಾಮಾನ್ಯವಾಗಿ ತುಂಬಿದ ಎರಡು ಗಂಟೆಯೊಳಗೆ ಸುರಿದು ಮುಗಿಯಬೇಕು. ನಾಲ್ಕು ಹೊತ್ತುಗಳು ಕೈಯಲ್ಲಿದ್ದಾಗ ಆ ಎರಡು ಗಂಟೆ ಎಲ್ಲಿ ಖರ್ಚಾಯಿತು ಎಂಬುದು ತಿಳಿಯುತ್ತದೆ. ರಸ್ತೆಯಲ್ಲಿ ಖರ್ಚಾಗಿದ್ದರೆ ಹಿಂಜವಡಿಯ ಐಟಿ ಕಚೇರಿಗಳ ಗಾಡಿಗಳು ಹೊರಡುವ ಮೊದಲೇ ಮೊದಲ ಲಾರಿ ಬರುವಂತೆ ಆರ್ಡರ್ ಕೊಡಬೇಕು. ಗೇಟಿನೊಳಗೆ ನಿಂತೇ ಖರ್ಚಾಗಿದ್ದರೆ, ಅಂದರೆ ಪಂಪು ಜೋಡಣೆಯಾಗದೆಯೋ ಸರಳಿನ ತಪಾಸಣೆ ಮುಗಿಯದೆಯೋ ಲಾರಿಗಳು ಸಾಲುಗಟ್ಟಿದ್ದರೆ, ಪ್ಲಾಂಟಿನವರನ್ನು ಬೈದು ಉಪಯೋಗವಿಲ್ಲ. ಮುಂಬೈಯ ಪುನರಾಭಿವೃದ್ಧಿ ಸೈಟುಗಳಲ್ಲಿ ಲಾರಿ ನಿಲ್ಲಿಸಲೂ ಜಾಗವಿರುವುದಿಲ್ಲ. ಅಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗಿರಬೇಕು.

ಹಾಜರಿ ಪುಸ್ತಕವನ್ನು ತೆಗೆದಿಡಿ ಎಂದು ನಾನು ಹೇಳುತ್ತಿಲ್ಲ. ಹಳೆಯ ಪುಸ್ತಕಗಳನ್ನು ತಿಂಗಳುವಾರು ಕೂಡಿಸಿ ನೋಡಿದರೆ ಅವುಗಳಿಂದಲೂ ಒಂದು ದೊಡ್ಡ ಉಪಯೋಗವಿದೆ. ಮುಂಗಾರಿನ ಬಿತ್ತನೆಗೆ, ತೊಗರಿ ಕೊಯ್ಲಿಗೆ, ಯುಗಾದಿಗೆ, ಪಂಚಮಿಗೆ, ಊರ ಜಾತ್ರೆಗೆ ನಿಮ್ಮ ಜನ ಊರಿಗೆ ಹೋಗುತ್ತಾರೆ. ಮೊಹರಮ್ಮಿಗೆ ಹೋಗುವವರೂ ಆ ಕಡೆ ಬಹಳ, ಆದರೆ ಅದರ ದಿನ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಹೋದ ವರ್ಷದ ತಾರೀಖು ಈ ವರ್ಷಕ್ಕೆ ನಡೆಯುವುದಿಲ್ಲ. ಇದು ನಿಮಗೆ ಗೊತ್ತಿರುವ ಸಂಗತಿಯೇ. ಗೊತ್ತಿಲ್ಲದಿರುವುದು ಬಿಲ್ಡರ್ ಕಚೇರಿಯ ಕಂಪ್ಯೂಟರಿನಲ್ಲಿ ಬಾರ್‌ಚಾರ್ಟ್ ಎಳೆಯುವ ಪ್ಲಾನಿಂಗ್ ಎಂಜಿನಿಯರರಿಗೆ. ಅವರು ಜೂನ್ ತಿಂಗಳಿಗೂ ಮಾರ್ಚಿನಷ್ಟೇ ಜನ ಹಿಡಿದಿರುತ್ತಾರೆ, ಅದರ ಮೇಲೆ ಹೊರಗೋಡೆಯ ಪ್ಲಾಸ್ಟರನ್ನೂ ಮಳೆಗಾಲದಲ್ಲೇ ಇಟ್ಟಿರುತ್ತಾರೆ. ಎರಡು ವರ್ಷದ ತಿಂಗಳುವಾರು ಹಾಜರಿಯನ್ನು ಒಂದು ಹಾಳೆಯಲ್ಲಿ ಬರೆದು ಕರಾರಿಗೆ ಸಹಿ ಹಾಕುವ ಮೊದಲೇ ಅವರಿಗೆ ಕೊಡಿ.

ಇಷ್ಟಾದರೂ ಇಡೀ ಏರ್ಪಾಡನ್ನು ಕೆಡಿಸಬಲ್ಲದ್ದು ಒಂದಿದೆ. ಕಡಿಮೆ ಅಳತೆ ಬರೆದ ದಿನ ಮುಕಾದಮನ ಕೂಲಿ ಕಡಿತವಾದರೆ ಮರುವಾರದಿಂದ ಅವನು ಬರೆಸುವ ಅಂಕಿಗಳೆಲ್ಲ ಚೆನ್ನಾಗಿರುತ್ತವೆ, ಒಂದೂ ನಿಜವಿರುವುದಿಲ್ಲ. ಕೂಲಿ ತೀರಿಸುವ ಅಳತೆಯನ್ನು ಈಗಿನ ಹಾಗೆಯೇ ಜಂಟಿಯಾಗಿ ಮಾಡಿ; ದಿನದ ಸಾಲನ್ನು ಅದಕ್ಕೆ ತಗುಲಿಸಬೇಡಿ. ನಿಂತ ಕೆಲಸಕ್ಕೆ ಅವನು ಹೇಳಿದ ಕಾರಣದಿಂದ ಅವನಿಗೇ ಅನುಕೂಲವಾದದ್ದು ಕಂಡರೆ, ಉದಾಹರಣೆಗೆ ಲಿಫ್ಟಿನ ಸಮಯ ಬದಲಾದರೆ, ಮುಂದಿನ ಸಾಲುಗಳನ್ನು ಅವನೇ ನೆನಪಿಸಿ ಬರೆಸುತ್ತಾನೆ. ಸಾಲನ್ನು ಅವನಿಗೆ ಓದಿ ಹೇಳಿ, ಬೇಕಾದರೆ ಕನ್ನಡದಲ್ಲೇ ಬರೆಯಿರಿ. ಅಂಕಿ ಯಾವ ಭಾಷೆಯಲ್ಲಿದ್ದರೂ ಕೂಡುತ್ತದೆ.

ಇನ್ನು ಸಾಫ್ಟ್‌ವೇರ್. ಒಂದೆರಡು ಸೈಟು, ನಾಲ್ಕೈದು ತಂಡ ಇರುವವರೆಗೆ ನಿಮಗೆ ಅದರ ಅಗತ್ಯವಿಲ್ಲ. ಮೊಬೈಲಿನ ಎಕ್ಸೆಲ್ ಹಾಳೆ ಸಾಕು. ಕಾಗದದ ಮೇಲೆ ದಿನಕ್ಕೊಂದು ಸಾಲು ಮೂರು ತಿಂಗಳು ತಪ್ಪದೆ ನಡೆದು, ಅದನ್ನು ಕೂಡಿಸುವುದಕ್ಕೇ ಒಬ್ಬರ ಸಮಯ ಹೋಗುತ್ತಿದೆ ಅನ್ನಿಸಿದಾಗ ಕೊಳ್ಳುವ ಯೋಚನೆ ಮಾಡಿ. ಕೊಳ್ಳುವಾಗ ಮೂರು ಸಂಗತಿ ಕೇಳಿ: ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಬರೆಯಬಹುದೇ, ಕಾರಣಗಳ ಪಟ್ಟಿಯನ್ನು ನಾವೇ ಬದಲಿಸಬಹುದೇ, ಮತ್ತು ಚಂದಾ ನಿಲ್ಲಿಸಿದ ದಿನ ನಮ್ಮ ಹಳೆಯ ಲೆಕ್ಕವನ್ನೆಲ್ಲ ಎಕ್ಸೆಲ್ ರೂಪದಲ್ಲಿ ವಾಪಸು ಕೊಡುತ್ತೀರಾ. ಮೂರನೆಯದಕ್ಕೆ ಬರವಣಿಗೆಯಲ್ಲಿ ಒಪ್ಪಿಗೆ ಸಿಗದಿದ್ದರೆ ಬೇರೆಯವರನ್ನು ನೋಡಿ.