ಗೋಳಗುಮ್ಮಟದ ಮೆಟ್ಟಿಲು, ಆಟದೊಳಗಿನ ಅಳುಕು

ವಿಜಯಪುರದ ಗೋಳಗುಮ್ಮಟವನ್ನು ಪ್ರವಾಸಿಗರ ಗದ್ದಲ ಶುರುವಾಗುವ ಮೊದಲೇ ಹತ್ತಬೇಕು. ಮೂಲೆಯ ಮಿನಾರಿನೊಳಗೆ ಏಳು ಅಂತಸ್ತುಗಳ ಇಕ್ಕಟ್ಟು ಮೆಟ್ಟಿಲು. ತಿರುವಿನಾಚೆ ಯಾರದೋ ಹೆಜ್ಜೆ ಕೇಳಿಸುತ್ತದೆ. ಅವರು ಏರುತ್ತಿದ್ದಾರೋ ಇಳಿಯುತ್ತಿದ್ದಾರೋ ತಿಳಿಯುವುದಿಲ್ಲ. ಕಳೆದ ದೀಪಾವಳಿ ರಜೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಹತ್ತುತ್ತಿದ್ದ ಅಕ್ಕನ ಮಗ ಗಕ್ಕನೆ ನಿಂತು, "ಮಾಮಾ, ಇದು ಥೇಟ್ ಆ ಆಟದ ಹಾಗೆಯೇ ಇದೆ" ಎಂದ.

ಅವನು ಹೇಳಿದ್ದು 2018ರಲ್ಲಿ ಪೂರ್ಣರೂಪದಲ್ಲಿ ಬಂದ 'ಸಬ್‌ನಾಟಿಕಾ' ಎಂಬ ವಿಡಿಯೊ ಗೇಮ್ ಬಗ್ಗೆ. ಅನ್ಯಗ್ರಹದ ಕಡಲಿನಲ್ಲಿ ಒಂಟಿಯಾಗಿ ಸಿಲುಕಿದವನು ಮುಳುಗಿ ಮುಳುಗಿ ದಾರಿ ಹುಡುಕುವ ಆಟ ಅದು. ಅಲ್ಲಿನ ದೈತ್ಯ ಜಲಚರದ ಗರ್ಜನೆ ಅದು ಕಣ್ಣಿಗೆ ಬೀಳುವುದಕ್ಕೆ ಬಹಳ ಮೊದಲೇ ಕಿವಿಗೆ ಬೀಳುತ್ತದೆ. ರಾತ್ರಿ ಆಡುವಾಗ ಹುಡುಗ ಸೌಂಡ್ ಬಂದ್ ಮಾಡಿಬಿಡುತ್ತಾನಂತೆ. ಆಗ ಅದೇ ಕಡಲು, ಅದೇ ಕತ್ತಲು, ಆದರೆ ಅಳುಕು ಮಾತ್ರ ಇಲ್ಲ.

ಅವನ ಉಪಾಯದ ಹಿಂದೆ ಒಳ್ಳೆಯ ವಿಜ್ಞಾನವಿದೆ. ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ, ಎಡಗಿವಿಯನ್ನು ಆಮೇಲೆ. ನಡುವಿನ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಇಲ್ಲ. ಮಿದುಳು ಅಷ್ಟರಿಂದಲೇ ದಿಕ್ಕನ್ನು ಲೆಕ್ಕ ಹಾಕುತ್ತದೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುವುದರಿಂದ ಆ ಅಂತರ ಇನ್ನೂ ಕುಗ್ಗಿ, ಮುಳುಗುಗಾರನಿಗೆ ಸದ್ದು ಎತ್ತಲಿಂದಲೋ ಬಂದಂತಾಗುತ್ತದೆ. ಕಲ್ಲಿನ ಸುರುಳಿ ಮೆಟ್ಟಿಲಲ್ಲಿ ಕಾರಣ ಬೇರೆ: ಗೋಡೆಗೋಡೆಗೆ ಬಡಿದ ಪ್ರತಿಧ್ವನಿಗಳು ಎಲ್ಲ ಕಡೆಯಿಂದಲೂ ಬಂದು ಕಿವಿ ತುಂಬುತ್ತವೆ. ಕಡಲಲ್ಲೂ ಮೆಟ್ಟಿಲಲ್ಲೂ ಏನೋ ಇದೆ ಎಂಬುದಷ್ಟೇ ಗೊತ್ತು. ಎಲ್ಲಿದೆ ಎಂಬುದು ಗೊತ್ತಿಲ್ಲ.

ಈ ಅರ್ಧ ತಿಳಿವಳಿಕೆಯೇ ಅಳುಕಿನ ತಾಯಿ. 2016ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 45 ಜನರಿಗೆ ಕಂಪ್ಯೂಟರ್ ಆಟವೊಂದನ್ನು ಆಡಿಸಿದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಪರದೆಯ ಮೇಲಿನ ಕಲ್ಲಿನಡಿ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗುವಂತೆ ವಿದ್ಯುತ್ ಶಾಕ್. ಬೆವರು, ಕಣ್ಣಿನ ಪಾಪೆ ಎಲ್ಲವನ್ನೂ ಅಳೆದಾಗ, ಶಾಕ್ ಖಂಡಿತ ಎಂದು ಗೊತ್ತಿದ್ದ ಸ್ಥಿತಿಗಿಂತ, ಇದ್ದರೂ ಇರಬಹುದು ಇಲ್ಲದೆಯೂ ಇರಬಹುದು ಎಂಬ ಸರಿಪಾಲಿನ ಸ್ಥಿತಿಯಲ್ಲೇ ಅವರು ಹೆಚ್ಚು ಒತ್ತಡಕ್ಕೆ ಒಳಗಾಗಿದ್ದರು. ಹಗ್ಗವೋ ಹಾವೋ ಎಂದು ಮಬ್ಬಿನಲ್ಲಿ ತಡವರಿಸಿದ ಯಾರಿಗೂ ಇದು ಹೊಸ ಸಂಗತಿಯಲ್ಲ. ಆದರೂ ಅದನ್ನು ಬೆವರಿನಲ್ಲಿ ಅಳೆದು ತೋರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಒಳ್ಳೆಯ ಆಟ ಕಟ್ಟುವವರು ಈ ಸರಿಪಾಲನ್ನು ಕಾಪಾಡುತ್ತಾರೆ. 1999ರ 'ಸೈಲೆಂಟ್ ಹಿಲ್' ಆಟದಲ್ಲಿ ಊರಿನ ದೂರದ ಬೀದಿಗಳನ್ನು ಚಿತ್ರಿಸುವ ಶಕ್ತಿ ಅಂದಿನ ಪ್ಲೇಸ್ಟೇಷನ್ ಆಟಯಂತ್ರಕ್ಕೆ ಇರಲಿಲ್ಲ. ಕೊರತೆ ಮುಚ್ಚಲು ಹಾಕಿದ ದಟ್ಟ ಮಂಜೇ ಆ ಊರಿನ ಮುಖವಾಯಿತು. ಅದಕ್ಕಿಂತ ಜಾಣತನ ಕಂಡದ್ದು ಆಟಗಾರನ ಬಳಿಯ ಪುಟ್ಟ ರೇಡಿಯೊದಲ್ಲಿ. ಪಿಶಾಚಿ ಹತ್ತಿರವಾದರೆ ಅದು ಗೊರಗುಟ್ಟುತ್ತದೆ, ದಿಕ್ಕನ್ನು ಮಾತ್ರ ಹೇಳುವುದಿಲ್ಲ. 2014ರ 'ಏಲಿಯನ್: ಐಸೊಲೇಷನ್'ನಲ್ಲಿ ಬೆನ್ನಟ್ಟುವ ಜೀವಿಗೆ ನೀವಿರುವ ಜಾಗ ನೇರವಾಗಿ ತಿಳಿದಿರುವುದಿಲ್ಲ. ಎಲ್ಲ ಬಲ್ಲ ಇನ್ನೊಂದು ವ್ಯವಸ್ಥೆ ಆಗಾಗ ಸುಳಿವು ಕೊಡುತ್ತದೆ, ಹುಡುಕುವ ಕೆಲಸ ಆ ಜೀವಿಯದೇ. ಹೀಗಾಗಿ ನಿನ್ನೆ ಬಚಾವಾದ ಅಡಗುತಾಣ ಇಂದು ಕೈಕೊಡಬಹುದು.

ಪರದೆಯ ಮೇಲೆ ದಿಢೀರನೆ ವಿಕಾರ ಮುಖ ಎರಚುವ ಆಟಗಳನ್ನು ನಾನು ಇದೇ ಸಾಲಿಗೆ ಸೇರಿಸಲಾರೆ. ಅದು ಬೆಚ್ಚಿಬೀಳುವ ಪ್ರತಿವರ್ತನೆ. ಪಟಾಕಿ ಸದ್ದಿಗೂ ಅದು ಆಗುತ್ತದೆ, ಆದ ಕೂಡಲೇ ಮುಗಿಯುತ್ತದೆ.

ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಹುಡುಗ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಣಿಸಿದ. ಇಳಿಯುವಾಗ ಟಾರ್ಚ್ ಹಚ್ಚಲಿಲ್ಲ. ನಡುವಿನ ತಿರುವಿನಲ್ಲಿ ಮತ್ತೆ ಹೆಜ್ಜೆ ಕೇಳಿಸಿತು. ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ಸದ್ದು ಬೆಳೆಯಿತು, ಕಿಂಡಿಯ ಬೆಳಕಿನಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತ ಒಬ್ಬ ಅಪ್ಪ ಮೂಡಿಬಂದ.